ಹೊಟ್ಟೆ ಸವೆದ ಕುದುರೆ

ಮೂರು ಕಾಸಿನ ಮನುಷ್ಯ ಎಂದು ನೀವು ಯಾರನ್ನಾದರೂ ಬೈಯುವಾಗ ನನಗೆ ನಗು ಬರುತ್ತದೆ. ನಾನು ಬರೀ ಒಂದು ಕಾಸಿನವನು. ಒಂದು ಕಡೆ ಸಿಂಹಗಳು, ಇನ್ನೊಂದು ಕಡೆ ಓಡುವ ಕುದುರೆ. ಆ ಠೀವಿ ನೋಡಿ ಮೋಸಹೋಗಬೇಡಿ.

ಹುಟ್ಟಿದ್ದು ಮುಂಬಯಿಯ ಟಂಕಸಾಲೆಯಲ್ಲಿ, ಸ್ವಾತಂತ್ರ್ಯ ಬಂದ ಹೊಸದರಲ್ಲಿ. ನಮ್ಮ ಹುಟ್ಟು ಎಂದರೆ ಒಂದು ಏಟು, ಅಷ್ಟೆ. ಬೋಳು ಬಿಲ್ಲೆಯಾಗಿ ಮಲಗಿದ್ದೆ, ಅಚ್ಚು ಬಿತ್ತು, ನೋಡಿದರೆ ಮೈಮೇಲೆ ಕುದುರೆ! ಆ ಗಾಬರಿ ಆರುವ ಮೊದಲೇ ನನ್ನ ಬೆನ್ನಿಗೆ ತಮ್ಮ ಹುಟ್ಟಿದ. ಅಚ್ಚು ಸ್ವಲ್ಪ ಬಿರುಕು ಬಿಟ್ಟಿತ್ತು. ಹಾಗಾಗಿ ನಮ್ಮಿಬ್ಬರ ಕುದುರೆಗೂ ಬಾಲದ ಕೆಳಗೆ ಕೂದಲೆಳೆಯಂಥ ಒಂದು ಗೀಟು. ನನ್ನನ್ನು ಪೇಟೆಗೆ ಕಳಿಸಿದರು, ತಮ್ಮ ಚೀಲದಲ್ಲೇ ಉಳಿದ. ಯಾರ ಕೈಯ ಕೊಳೆಯೂ ತಗಲದ ಪುಣ್ಯವಂತ ಎಂದು ಬಹಳ ವರ್ಷ ಹೊಟ್ಟೆ ಉರಿದುಕೊಂಡೆ.

ಗದಗಿನಲ್ಲಿ ಗುರುಸಿದ್ದಪ್ಪ ಬಳಿಗಾರರು ಬಳೆ ಅಂಗಡಿ ತೆರೆದ ದಿನ ಮೊದಲ ಗಿರಾಕಿ ಕೊಟ್ಟ ಚಿಲ್ಲರೆಯಲ್ಲಿ ನಾನಿದ್ದೆ. ಮೊದಲ ಬೋಣಿಗೆಯ ಕಾಸನ್ನು ಖರ್ಚು ಮಾಡಬಾರದೆಂದು ಅವರು ನನ್ನನ್ನು ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿಟ್ಟರು. ಅಲ್ಲಿಗೆ ನನ್ನ ತಿರುಗಾಟ ಮುಗಿಯಿತು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನನ್ನನ್ನೆತ್ತಿ ಕಣ್ಣಿಗೊತ್ತಿಕೊಳ್ಳುವರು. ಬಳೆ ತೊಡಿಸಿ ತೊಡಿಸಿ ಒರಟಾದ ಹೆಬ್ಬೆರಳಿನಿಂದ ಕುದುರೆಯ ಹೊಟ್ಟೆ ಸವರಿ, “ಓಡಪಾ ಕುದುರಿ” ಎನ್ನುವರು. ಪುಟ್ಟ ಮಗಳು ನೀಲವ್ವ ತುದಿಗಾಲಲ್ಲಿ ನಿಂತು ನನ್ನ ಹೊಳಪನ್ನೇ ನೋಡುತ್ತಿದ್ದಳು. ಒಮ್ಮೆ ಕೈ ಚಾಚಿದಾಗ ಅಪ್ಪ ತಡೆದರು.

“ಮುಟ್ಟಬ್ಯಾಡವ್ವಾ, ಲಕ್ಷ್ಮಿ ಅದು. ನೋಡು, ಬಾಲದ ಕೆಳಗ ಗೀಟು. ಅದ ನಮ್ಮ ಕುದುರಿ ಗುರುತು.”

ನೀಲವ್ವ ಮದುವೆಯಾಗಿ ಬಾಗಲಕೋಟೆಗೆ ಹೋದಳು. ನನ್ನ ಹೊಳಪು ಮಾಸಿ ಮೈ ಕಂದು ಬಣ್ಣಕ್ಕೆ ತಿರುಗಿತು. ಹೆಬ್ಬೆರಳು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲೇ ತೆರೆಯಲಿಲ್ಲ. ಗುರುಸಿದ್ದಪ್ಪನವರು ತೀರಿಕೊಂಡಿದ್ದರು. ತಿಂಗಳು ಕಳೆಯುವುದರೊಳಗೆ ಯಾರೋ ಪೆಟ್ಟಿಗೆಯನ್ನು ನನ್ನ ಸಮೇತ ಗುಜರಿಗೆ ಹಾಕಿದರು. ನಿನ್ನೆಯ ಲಕ್ಷ್ಮಿ ಇವತ್ತು ತೂಕಕ್ಕೆ! ಬಾಯಿದ್ದರೆ ಬೊಬ್ಬೆ ಹೊಡೆಯುತ್ತಿದ್ದೆ.

ಗುಜರಿಯಿಂದ ಹುಬ್ಬಳ್ಳಿಯ ಹಳೇ ನಾಣ್ಯದ ವ್ಯಾಪಾರಿ ಕಟ್ಟಿಯವರ ಕೈಗೆ ಬಂದೆ. ಅವರು ನನ್ನನ್ನು ಹೊಳೆಯುವ ಕಾಸೊಂದರ ಪಕ್ಕದಲ್ಲಿಟ್ಟರು. ಬಾಲದ ಕೆಳಗೆ ಗೀಟು. ನನ್ನ ತಮ್ಮ! ಹಿಗ್ಗಿ ಮುಖ ನೋಡಿದೆ. ಮೈಯೇನೋ ಹುಟ್ಟಿದ ದಿನದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಮುಖದ ತುಂಬ ಮಾತ್ರ ಗೀರು, ಕಚ್ಚು, ತಗ್ಗು. ಯಾರ ಕೈಗೂ ಬೀಳದವನಿಗೆ ಇಷ್ಟೊಂದು ಗಾಯವೆ?

“ಹೊರಗಿನವರು ಯಾರೂ ಅಲ್ಲಣ್ಣ, ನಮ್ಮವರೇ” ಎಂದ. “ಚೀಲ ಎತ್ತಿ ಒಗೆದಾಗಲೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ನಿನ್ನನ್ನು ಯಾರೂ ಹೊಡೆಯಲಿಲ್ಲವೆ?”

ಇಷ್ಟು ವರ್ಷದ ನನ್ನ ಹೊಟ್ಟೆಕಿಚ್ಚಿಗೆ ನನಗೇ ನಾಚಿಕೆಯಾಯಿತು.

ಒಂದು ಮಧ್ಯಾಹ್ನ ಬೆಳ್ಳಿಗೂದಲಿನ ಹೆಂಗಸೊಬ್ಬಳು ಅಂಗಡಿಗೆ ಬಂದಳು.

“ಬಾಲದ ಕೆಳಗ ಗೀಟಿರೋ ಕುದುರಿ ಕಾಸು ಐತೇನ್ರಿ? ನಮ್ಮಪ್ಪಂದು, ಗದಗಿನ ಗುರುಸಿದ್ದಪ್ಪ ಬಳಿಗಾರರ್ದು. ನಾ ಬರೋದ್ರಾಗ ಪೆಟಿಗಿ ಗುಜರಿಗೆ ಹೋಗಿತ್ತು. ಊರೂರು ಹುಡುಕಾಕ ಹತ್ತೇನಿ.”

ನೀಲವ್ವ! ಕಟ್ಟಿಯವರು ನಮ್ಮಿಬ್ಬರನ್ನೂ ಅವಳ ಮುಂದಿಟ್ಟರು.

“ಗೀಟು ಎರಡಕ್ಕೂ ಅದ ನೋಡ್ರಿ. ಇದು ಒಂದೀಟು ಓಡಾಡಿದ್ದು. ಇದು ಚಲಾವಣಿಗೇ ಬಂದಿಲ್ಲ, ಆದ್ರ ಚೀಲದಾಗ ಬಡದಾಡಿ ಮಾರಿ ಕೆಟ್ಟದ. ನನ್ನ ಕೇಳಿದ್ರ ಓಡಾಡಿದ್ದ ತಗೋರಿ. ಸವದರೂ ಮಾರಿ ಸ್ವಚ್ಛ ಅದ.”

ನೀಲವ್ವ ನನ್ನನ್ನೆತ್ತಿಕೊಂಡಳು. ಅವಳ ಹೆಬ್ಬೆರಳು ಕುದುರೆಯ ಹೊಟ್ಟೆಯ ಮೇಲೆ, ಅವಳ ಅಪ್ಪನ ಹೆಬ್ಬೆರಳು ನುಣುಪು ಮಾಡಿದ ಜಾಗದಲ್ಲೇ ಬಂದು ಕೂತಿತು. ನಾನೇ ಅವ್ವಾ, ನಾನೇ ಎಂದು ಒಳಗೊಳಗೇ ಕೂಗಿಕೊಂಡೆ.

“ಇದು ಸವದೈತ್ರಿ” ಎಂದಳು. “ನಮ್ಮಪ್ಪಂದು ಥಳಥಳ ಹೊಳೀತಿತ್ತು. ದೇವರಂಗ ಜೋಪಾನ ಮಾಡಿದವರು ಹಿಂಗ ಸವಿಯಾಕ ಬಿಟ್ಟಾರೇನು?”

ನನ್ನನ್ನು ಕೆಳಗಿಟ್ಟು ತಮ್ಮನನ್ನು ಎತ್ತಿಕೊಂಡಳು. ಗೀರುಗಳನ್ನು ನೋಡಿ, “ಪಾಪ, ಗುಜರಿಯಾಗ ಬಡದಿರಬೇಕು” ಎಂದು ಸೆರಗಿನಲ್ಲಿ ಒರೆಸಿದಳು. ನನಗೆ ಮಾತೇ ನಿಂತುಹೋಯಿತು. ನಿನಗೆ ಮಾತು ಯಾವಾಗ ಇತ್ತು ಎಂದು ಕೇಳಬೇಡಿ.

ಅವಳು ಹೋದ ಮೇಲೆ ಕಟ್ಟಿಯವರು ಭೂತಗನ್ನಡಿ ಹಿಡಿದು ನನ್ನನ್ನು ತಿರುಗಿಸಿ ನೋಡಿದರು. “ಕೈಯಿಂದ ಕೈಗೆ ಓಡಾಡಿದ್ರ ಸಿಂಹನೂ ಸವೀಬೇಕಿತ್ತಲ್ಲ? ಕುದುರಿ ಹೊಟ್ಟಿ ಒಂದ ಯಾಕ ಸವದದ?” ಎಂದುಕೊಂಡು ಅಲ್ಲಿ ಹೆಬ್ಬೆರಳಿಟ್ಟರು. ಬೆರಳು ಆ ನುಣುಪಿನಲ್ಲಿ ಸರಿಯಾಗಿ ಕೂತಿತು. “ಅಯ್ಯ ದೇವರ!” ಎಂದು ನನ್ನನ್ನು ಹಿಡಿದುಕೊಂಡೇ ಬಾಗಿಲಿಗೆ ಓಡಿದರು.

ರಸ್ತೆಯಾಚೆ ನೀಲವ್ವ ಬಸ್ಸಿಗೆ ಕಾಯುತ್ತಿದ್ದಳು. ತಮ್ಮನನ್ನು ಕಣ್ಣಿಗೊತ್ತಿಕೊಂಡಳು. ಅಪ್ಪನ ಹಾಗೆಯೇ ಕುದುರೆಯ ಹೊಟ್ಟೆ ಸವರಿದಳು. ತುಟಿ ಅಲುಗಿತು, ಏನೆಂದಳೆಂದು ನನಗೆ ಗೊತ್ತು. ಕಟ್ಟಿಯವರು ಕರೆಯಲು ಕೈಯೆತ್ತಿದರು. ಕೂಗೋ ಪುಣ್ಯಾತ್ಮ, ಕೂಗು! ಅವರು ಅವಳ ಮುಖವನ್ನೇ ನೋಡುತ್ತ ನಿಂತರು. ಎತ್ತಿದ ಕೈ ಮೆಲ್ಲಗೆ ಇಳಿಯಿತು. ಬಸ್ಸು ಬಂತು, ಹೋಯಿತು.

ಈಗ ನಾನು ಕಟ್ಟಿಯವರ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿದ್ದೇನೆ. ಯಾರಾದರೂ ಕೇಳಿದರೆ, “ಅದು ಮಾರೂದಲ್ಲರಿ, ಅದರ ಮಾಲಕರು ಬಂದು ಹೋಗ್ಯಾರ” ಎನ್ನುತ್ತಾರೆ. ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಏಟು ತಿಂದೇ ಬೆಳೆದವನಿಗೆ ಕೊನೆಗೂ ಒಂದು ಹೆಬ್ಬೆರಳು ಸಿಕ್ಕಿದೆ, ಅವನೂ ಸವೆಯಲಿ. ಆದರೆ ಅಪ್ಪನನ್ನು ಹುಡುಕಿಕೊಂಡು ಬಂದ ಮಗಳು ಅಪ್ಪನ ಬೆರಳನ್ನೇ ಮುಟ್ಟಿ ನೋಡಿ ‘ಸವದೈತಿ’ ಎಂದು ಕೆಳಗಿಟ್ಟಳಲ್ಲ, ಆ ಆಘಾತದಿಂದ ನಾನಿನ್ನೂ ಎದ್ದಿಲ್ಲ.