ಗೋಡೆಯ ಮೇಲಿನ ಹಾಳೆ

ಮಂದಿರದಲ್ಲಿ ಪ್ರಾರ್ಥನೆ ಮುಗಿಸಿ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಇವತ್ತೂ ಎಲ್ಲರೂ ಕೇಳಿದ್ರು ಕಣಮ್ಮಾ, ಮೂರನೇದು ಯಾವಾಗ ಅಂತ. ನಾನು ಆರು ಹೆತ್ತೆ. ದೇವರು ಕೈ ಬಿಟ್ನಾ?"

ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಎಂಟು ತಿಂಗಳ ಕೂಸು, ಬೆನ್ನಿಗೆ ಜೋತುಬಿದ್ದ ದೊಡ್ಡವಳು. ಸೊಸೆಯ ಮುಖ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯ ಚೀಟಿ ತಂದಿದ್ದ ನರ್ಸಕ್ಕ ಅಲ್ಲೇ ಇದ್ದಳು. ಮಾತು ನುಂಗಿಕೊಳ್ಳುವ ಜಾಯಮಾನ ಅವಳದಲ್ಲ.

"ಅಮ್ಮಾ, ಇವಳಿಗೆ ರಕ್ತ ತುಂಬಾ ಕಡಿಮೆ ಇದೆ. ಹೆರಿಗೆ ಆದ್ಮೇಲೆ ಎರಡು ವರ್ಷವಾದ್ರೂ ಮೈ ಸುಧಾರಿಸಬೇಕು. ಈಗಲೇ ಬಸಿರಾದ್ರೆ ಇವಳ ಜೀವಕ್ಕೇ ಅಪಾಯ. ಅದಿರಲಿ, ನಿಮ್ಮ ಆರು ಮಕ್ಕಳನ್ನ ಎತ್ತಿ ಆಡಿಸಿದ್ದು ಯಾರು?"

ಅತ್ತೆಗೆ ಪ್ರಶ್ನೆ ಹಿಡಿಸಿತು. "ನಮ್ಮ ಮಂದಿರದ ಹೆಂಗಸರೇ! ನಾನು ಬ್ರೆಡ್ ಕಾರ್ಖಾನೆಗೆ ಹೋದ್ರೆ ಒಬ್ಬಳು ಸ್ನಾನ ಮಾಡಿಸೋಳು, ಇನ್ನೊಬ್ಬಳು ಊಟ ಹಾಕೋಳು. ಯಾವ ದಿನ ಯಾರ ಸರದಿ ಅಂತ ಗೋಡೆಗೆ ಹಾಳೆ ಅಂಟಿಸ್ತಿದ್ವಿ."

"ಈಗಲೂ ಅಂಟಿಸಿ ನೋಡಿ."

"ಒಂದು ಹಾಳೆ ಸಾಲಲ್ಲ, ನೋಡ್ತಿರು!"

ಅತ್ತೆ ಹಠಕ್ಕೆ ಬಿದ್ದರು. ಏಳು ದಿನಕ್ಕೆ ಏಳು ಗೆರೆ ಎಳೆದು, ಸೊಸೆಯ ಎರಡು ಮಕ್ಕಳನ್ನು ನೋಡಿಕೊಳ್ಳುವವರು ಹೆಸರು ಬರೆಯಿರಿ ಎಂದು ಮಂದಿರದ ಗೋಡೆಗೆ ಅಂಟಿಸಿದರು.

ವಾರ ಕಳೆದು ನೋಡಿದರೆ ಹಾಳೆಯಲ್ಲಿ ಎರಡೇ ಹೆಸರು. ಒಂದು ಅವರದೇ. ಇನ್ನೊಂದು, ಯಾರ ಬಸಿರಿನ ವಿಚಾರಕ್ಕೂ ಹೋಗದ ಕಿವುಡಜ್ಜಿಯದು. ಮೂರನೇದು ಯಾವಾಗ ಎಂದು ದಿನಾ ಕೇಳುತ್ತಿದ್ದ ಅಂಗಡಿಯವಳು "ಅಂಗಡಿ ಬಿಟ್ಟು ಹೇಗೆ ಬರಲಕ್ಕಾ?" ಎಂದು ಜಾರಿಕೊಂಡಳು.

ಅತ್ತೆಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ತಾವೂ ಎಷ್ಟು ಮನೆಯ ಸೊಸೆಯಂದಿರನ್ನು ಹೀಗೇ ಕೇಳಿಲ್ಲ! ಮಂದಿರದಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಎದ್ದು ನಿಂತರು.

"ಹೆರು ಅನ್ನೋಕೆ ನಮಗೆಲ್ಲ ಬಾಯಿದೆ. ಎತ್ಕೊಳ್ಳೋಕೆ ಕೈ ಇಲ್ವಾ? ದೇವರು ಕೊಟ್ಟ ಎರಡು ಮಕ್ಕಳು ಮನೇಲಿವೆ. ಮೊದಲು ಅವನ್ನ ನೋಡೋಣ, ಅವರಮ್ಮನ್ನ ಉಳಿಸಿಕೊಳ್ಳೋಣ."

ಯಾರೋ ಕಿಸಕ್ಕನೆ ನಕ್ಕರು. ಅಂಗಡಿಯವಳು ತಲೆ ತಗ್ಗಿಸಿಕೊಂಡೇ ಪೆನ್ನು ಕೇಳಿದಳು. ಆ ದಿನವೇ ಏಳು ಗೆರೆಯೂ ತುಂಬಿತು.

ಅತ್ತೆ ಮನೆಗೆ ಬಂದು ಕೂಸನ್ನು ಎತ್ತಿಕೊಂಡರು. "ನೀನು ಸ್ವಲ್ಪ ಮಲಕ್ಕೋ ಮಗಳೇ. ಇನ್ನೊಂದು ಬೇಕೋ ಬೇಡವೋ, ನೀನೂ ನನ್ನ ಮಗನೂ ಕೂತು ಮಾತಾಡಿ. ಕೇಳೋರಿಗೆ ನಾನು ಉತ್ತರ ಕೊಡ್ತೀನಿ."

ಅಕ್ಕಂದಿರೇ, ಅಮ್ಮಂದಿರೇ, ಎಷ್ಟು ಮಕ್ಕಳು, ಎಷ್ಟು ಅಂತರ ಎನ್ನುವುದನ್ನು ಗಂಡ ಹೆಂಡತಿಯೇ ಆರೋಗ್ಯ ಕಾರ್ಯಕರ್ತೆಯ ಸಲಹೆ ಕೇಳಿ ತೀರ್ಮಾನಿಸಲಿ. ನೀವು ಪೂಜಿಸುವ ಜಾಗ ಯಾವುದೇ ಇರಲಿ, ಅದಕ್ಕೂ ಒಂದು ಗೋಡೆ ಇದ್ದೇ ಇರುತ್ತದೆ. ಈ ವಾರವೇ ಒಂದು ಹಾಳೆ ಅಂಟಿಸಿ. ಮೊದಲ ಹೆಸರು ನಿಮ್ಮದೇ ಇರಲಿ.