ಹದಿನೇಳು ಬಾಗಿಲು

ಕ್ಲಿಫರ್ಡ್ ತಂದಿದ್ದ ಹೂವಿನ ಚಕ್ರವನ್ನು ಥೀಯಾ ಅವನ ಕಾರಿನ ಹಿಂದಿನ ಸೀಟಿಗೇ ವಾಪಸು ತುರುಕಿ, ಬಾಗಿಲನ್ನು ಸೊಂಟದಿಂದ ಒತ್ತಿ ಮುಚ್ಚಿದಳು. ಎರಡು ಬಿಳಿ ಹೂವು ಸಂದಿಗೆ ಸಿಕ್ಕಿ ಜಜ್ಜಿಹೋದವು.

“ನಮ್ಮ ಸ್ಮಶಾನದಲ್ಲಿ ಹೂವು ಇಡಲ್ಲ.”

“ಗೊತ್ತಿರಲಿಲ್ಲಮ್ಮ,” ಎಂದ ಕ್ಲಿಫರ್ಡ್ ಹಾರ್ಟ್ಲಿ.

“ಎರ್ನಾ ಹನ್ನೊಂದು ವರ್ಷಕ್ಕೆ ನಿಮ್ಮನೆ ಹೊಸ್ತಿಲು ತುಳಿದಳು. ಈಗ ಅರವತ್ತೊಂಬತ್ತಕ್ಕೆ ಪೆಟ್ಟಿಗೇಲಿ ಮಲಗಿದಾಳೆ. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಏನು ಇಡ್ತಾರೆ, ಏನು ಇಡಲ್ಲ ಅಂತ ಒಂದು ಸಲ ಕೇಳೋಕೆ ಪುರುಸೊತ್ತಾಗಲಿಲ್ವಾ?”

ಕ್ಲಿಫರ್ಡನಿಗೆ ಎಪ್ಪತ್ತೆರಡು. ಪುರಸಭೆಯ ಮಾಜಿ ಸದಸ್ಯ. ಊರಿನ ಯಾವ ಸಮಾರಂಭವೂ ಅವನ ಭಾಷಣವಿಲ್ಲದೆ ಮುಗಿಯುತ್ತಿರಲಿಲ್ಲ. ಬೈಸಿಕೊಂಡು ಅಭ್ಯಾಸವಿಲ್ಲದ ಅವನು ಪೆಚ್ಚಾಗಿ ನಕ್ಕ. ಕೋಟಿನ ಒಳಜೇಬಿನಿಂದ ಮಡಿಸಿದ ಹಾಳೆಯೊಂದನ್ನು ಅರ್ಧ ಎಳೆದು ನೋಡಿ, ಇದೆಯೆಂದು ಖಾತ್ರಿ ಮಾಡಿಕೊಂಡು, ಮತ್ತೆ ಒಳಗಿಟ್ಟ. ಅದನ್ನು ನೋಡಿದ್ದೇ ಥೀಯಾ ಬೆನ್ನು ತಿರುಗಿಸಿ ಒಳಗೆ ನಡೆದಳು.

ಪ್ರಾರ್ಥನೆಯ ಕೋಣೆಯಲ್ಲಿ ಎರ್ನಾಳ ಪೆಟ್ಟಿಗೆ ಇತ್ತು. ಬಣ್ಣವಿಲ್ಲ, ಹೊಳಪಿಲ್ಲ, ಬರೀ ಹಲಗೆ. ಪಕ್ಕದಲ್ಲಿ ಮಗಳು ಡೀನಾ ನಿಂತಿದ್ದಳು. ಮ್ಯಾಂಚೆಸ್ಟರಿನಿಂದ ಬಂದಿದ್ದ ಯಹೂದಿ ಗುರು, ಎಳೆಯ ರಬ್ಬಿ, ಶೋಕದ ಸಂಪ್ರದಾಯದಂತೆ ಅವಳ ಕೋಟಿನ ಕಾಲರನ್ನು ಆಗಲೇ ಸೀಳಿದ್ದ. ಸೀಳಿದ ತುಂಡು ಎದೆಯ ಮೇಲೆ ಜೋತಾಡುತ್ತಿತ್ತು.

“ಆಂಟಿ, ಕ್ಲಿಫರ್ಡ್ ಮಾಮ ಎರಡು ಮಾತಾಡ್ತಾರೆ. ನಾನೇ ಕೇಳ್ಕೊಂಡೆ.”

“ಯಾಕೆ?”

“ಯಾಕೆ ಅಂದ್ರೆ? ಅಮ್ಮನ್ನ ಉಳಿಸಿದ ಮನೆಯೋರು. ಅಮ್ಮ ಪ್ರತಿ ಭಾನುವಾರ ಹಾರ್ಟ್ಲಿ ಅಜ್ಜಿ ಹತ್ರ ಹೋಗ್ತಿರಲಿಲ್ವಾ? ಅಜ್ಜಿ ಸಾಯೋವರೆಗೂ ಒಂದು ವಾರ ತಪ್ಪಿಸಿದವಳಲ್ಲ.”

“ಹೋಗ್ತಿದ್ದಳು. ನಿಜ.”

“ಮತ್ತೆ ನಿಮಗೇನು? ಯಾವಾಗ ನೋಡಿದರೂ ಆ ಮನೆಯೋರ ಮೇಲೆ ಉರಿದು ಬೀಳ್ತೀರಿ. ಇವತ್ತೊಂದಿನ ಬಿಡಿ, ಆಂಟಿ. ನನಗೋಸ್ಕರ.”

ಡೀನಾ ಹುಟ್ಟಿದ ವಾರ ಎರ್ನಾ ಥೀಯಾಳ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು: ‘ಮಗು ಈ ಊರಲ್ಲೇ ಬೆಳೀಬೇಕು. ಯಾರ ಮನೆ ಮುಂದೆ ಹೋಗುವಾಗಲೂ ತಲೆ ತಗ್ಗಿಸಬಾರದು, ಉಗಿಯಲೂಬಾರದು. ಹೇಳಬೇಡ.’ ನಲವತ್ತೆರಡು ವರ್ಷ ಥೀಯಾ ಹೇಳಿರಲಿಲ್ಲ.

*

1939ರಲ್ಲಿ, ಯಹೂದಿ ಮಕ್ಕಳನ್ನು ನಾಜಿಗಳಿಂದ ಪಾರುಮಾಡಿ ಇಂಗ್ಲೆಂಡಿಗೆ ಸಾಗಿಸಲು ಪ್ರಾಗ್‌ನಿಂದ ಹೊರಟ ಮಕ್ಕಳ ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ಇಬ್ಬರ ಕೊರಳಲ್ಲೂ ದಾರಕ್ಕೆ ಕಟ್ಟಿದ ನಂಬರು. ಥೀಯಾಳಿಗೆ ಹದಿಮೂರು. ಎರ್ನಾ ಗಡಿ ದಾಟುವವರೆಗೂ ಮಾತಾಡಲಿಲ್ಲ. ಜರ್ಮನ್ ಸಿಪಾಯಿಗಳು ಪೆಟ್ಟಿಗೆಗಳನ್ನೆಲ್ಲ ಬುಡಮೇಲು ಮಾಡಿ ಇಳಿದುಹೋದ ಮೇಲೆ, ಚೆಲ್ಲಾಡಿದ್ದ ತನ್ನ ಒಳಅಂಗಿಗಳನ್ನು ಒಂದೊಂದಾಗಿ ಮಡಿಸುತ್ತ, “ನನ್ನ ತಂಗಿಗೆ ಆರು ವರ್ಷ. ಮಿಲ್ಕಾ ಅಂತ. ಮುಂದಿನ ರೈಲಿಗೆ ಬರ್ತಾಳೆ,” ಎಂದಳು.

ಮುಂದಿನ ರೈಲಿಗೆ ಬರಬೇಕಾದರೆ ಇಂಗ್ಲೆಂಡಿನಲ್ಲಿ ಯಾರಾದರೂ ಒಬ್ಬರು ಮಗುವನ್ನು ಸಾಕುತ್ತೇವೆಂಬ ಜಾಮೀನು ಪತ್ರಕ್ಕೆ ಸಹಿ ಹಾಕಬೇಕಿತ್ತು. ಲ್ಯಾಂಕಶೈರಿನ ಆ ಗಿರಣಿ ಊರಿನಲ್ಲಿ ಎರ್ನಾ ಹಾರ್ಟ್ಲಿಯವರ ದೊಡ್ಡ ಮನೆಗೆ, ಥೀಯಾ ಎರಡು ಬೀದಿಯಾಚೆ ಚಮ್ಮಾರನೊಬ್ಬನ ಮನೆಗೆ ಬಂದಿದ್ದರು. ಕ್ಲಿಫರ್ಡನ ತಾಯಿ ಮಿಸೆಸ್ ಹಾರ್ಟ್ಲಿಯನ್ನು ಎರ್ನಾ ಮೊದಲ ವಾರವೇ ಕೇಳಿದಳು. ‘ಒಬ್ಬಳು ಸಾಕು. ಇಬ್ಬರಾದರೆ ನಿಮ್ಮ ಭಾಷೆಯಲ್ಲೇ ಗುಸುಗುಸು ಅನ್ನುತ್ತಾ ಕೂರುತ್ತೀರಿ,’ ಎಂದು ಆಕೆ ಹೇಳಿ, ಮೆಟ್ಟಿಲು ಉಜ್ಜುವ ಬ್ರಷ್ಷನ್ನು ಎರ್ನಾಳ ಕೈಗೆ ಕೊಟ್ಟಳು. ಆ ಬ್ರಷ್ಷು ಮುಂದೆ ಆರು ವರ್ಷ ಅವಳ ಕೈಯಲ್ಲೇ ಉಳಿಯಿತು.

ಥೀಯಾಳಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅವಳು ಒಂದು ಚೀಟಿಯಲ್ಲಿ ನಾಲ್ಕು ಮಾತು ಬರೆದುಕೊಟ್ಟಳು. ಎರ್ನಾ ಬಾಯಿಪಾಠ ಮಾಡಿದಳು. ಜೂನ್ ತಿಂಗಳ ಸಂಜೆಗಳಲ್ಲಿ ಇಬ್ಬರೂ ಬಾಗಿಲು ತಟ್ಟುತ್ತಾ ಹೋದರು. ದಂತವೈದ್ಯನ ಹೆಂಡತಿ ಬಿಸ್ಕತ್ತು ಕೊಟ್ಟು ಕಳಿಸಿದಳು. ಬಟ್ಟೆ ಅಂಗಡಿಯವನು ಪೂರ್ತಿ ಕೇಳಿಸಿಕೊಂಡು, ‘ಸೊಗಸಾಗಿ ಮಾತಾಡ್ತೀಯಲ್ಲೇ!’ ಎಂದು ಬೆನ್ನು ತಟ್ಟಿದ. ಚರ್ಚಿನ ಪಾದ್ರಿ ಮಿಲ್ಕಾಳಿಗಾಗಿ ಪ್ರಾರ್ಥಿಸುವುದಾಗಿ ಹೇಳಿದ. ಒಬ್ಬಳು ಒಳಗಿನಿಂದಲೇ, ‘ಏನೂ ಬೇಡ, ಹೋಗ್ರಮ್ಮಾ,’ ಎಂದು ಕೂಗಿದಳು.

ಹದಿನೇಳು ಬಾಗಿಲು. ಹದಿನೆಂಟನೆಯದು ಟ್ರಾಮ್ ಓಡಿಸುತ್ತಿದ್ದವನ ವಿಧವೆ ಮಿಸೆಸ್ ಆಗ್ಡನ್‌ಳದು. ಎರಡೇ ಕೋಣೆಯ ಮನೆ. ಮೊಣಕೈವರೆಗೂ ಸೋಪಿನ ನೊರೆ ಮೆತ್ತಿಕೊಂಡಿದ್ದ ಆಕೆ ಚೀಟಿಯ ಮಾತುಗಳು ಮುಗಿಯುವ ಮೊದಲೇ, “ಆರು ವರ್ಷದ ಕೂಸು ಎಷ್ಟು ಜಾಗ ತಿಂದೀತು? ನನ್ನ ಮಗ್ಗುಲಲ್ಲೇ ಮಲಗಿಸ್ಕೋತೀನಿ. ಕಾಗದ ತಗೊಂಡು ಬಾ ಮರಿ, ನಾಳೆ ಹಾಕ್ತೀನಿ ಸಹಿ,” ಎಂದಳು.

ಅವತ್ತು ಎರ್ನಾ ಬೀದಿಯುದ್ದಕ್ಕೂ ಕುಂಟಾಬಿಲ್ಲೆ ಆಡುವವಳಂತೆ ಒಂಟಿಕಾಲಲ್ಲಿ ಕುಣಿಯುತ್ತಾ ಹೋದಳು. ಆಮೇಲೆ ಅವಳು ಹಾಗೆ ಕುಣಿದದ್ದನ್ನು ಥೀಯಾ ನೋಡಲಿಲ್ಲ, ಮದುವೆಯಲ್ಲೂ ಇಲ್ಲ.

*

ಕ್ಲಿಫರ್ಡ್ ಹಾಳೆ ಬಿಡಿಸಿ ಕನ್ನಡಕ ಏರಿಸಿದ. ನೆರೆದಿದ್ದವರು ಮೂವತ್ತು ಮಂದಿಯೂ ಇರಲಿಲ್ಲ. ಅರ್ಧಕ್ಕರ್ಧ ಊರಿನ ಶಾಲೆಯವರು. ಆ ಶಾಲೆಯ ಅಡುಗೆಮನೆಯಲ್ಲಿ ಎರ್ನಾ ಮೂವತ್ತೊಂದು ವರ್ಷ ಬಡಿಸಿದ್ದಳು. ಚಿಕ್ಕ ತರಗತಿಯ ಮಕ್ಕಳಿಗೆ ಲೆಕ್ಕ ಮೀರಿ ಬಡಿಸುತ್ತಾಳೆಂದು ಎರಡು ಸಲ ಮೇಲಿನವರಿಂದ ಬೈಸಿಕೊಂಡಿದ್ದಳು.

“ಆ ಬೇಸಿಗೆಯಲ್ಲಿ,” ಎಂದು ಕ್ಲಿಫರ್ಡ್ ಸಭೆಯ ದನಿಯಲ್ಲಿ ಶುರುಮಾಡಿದ, “ದೂರದ ದೇಶದಿಂದ ಒಂದು ಬೆದರಿದ ಮಗು ಬಂದಾಗ ನನ್ನ ತಾಯಿ ಬಾಗಿಲು ತೆರೆದಳು. ನನ್ನ ತಾಯಿ ಮಾತ್ರವಲ್ಲ, ಇಡೀ ಊರು ಎದೆ ತೆರೆಯಿತು. ಅವಳ ಪಾಲಿಗೆ ಇಲ್ಲಿ ಒಂದೇ ಒಂದು ಬಾಗಿಲೂ ಮುಚ್ಚಲಿಲ್ಲ…”

“ಹದಿನೇಳು.”

ದನಿ ತನ್ನದೇ ಎಂದು ಥೀಯಾಳಿಗೆ ತಿಳಿಯುವಷ್ಟರಲ್ಲಿ ಅವಳು ಎದ್ದು ನಿಂತಾಗಿತ್ತು.

“ಹದಿನೇಳು ಬಾಗಿಲು ಮುಚ್ಚಿದ್ವು. ನಾನೂ ಪಕ್ಕದಲ್ಲೇ ಇದ್ದೆ, ಎಣಿಸಿದೀನಿ. ಅದನ್ನಾದರೂ ಕ್ಷಮಿಸಬಹುದು. ಯಾರಿಗೆ ಯಾರು? ಆದರೆ ಹದಿನೆಂಟನೇದು ತೆರೆದಿತ್ತು. ಅದನ್ನ ಹೋಗಿ ಮುಚ್ಚಿಸಿದ್ದು ಯಾರು? ಅದೂ ಇದೆಯಾ ಆ ಹಾಳೇಲಿ?”

“ಆಂಟಿ!” ಎಂದಳು ಡೀನಾ.

“ನಿನ್ನಮ್ಮನಿಗೆ ಮಾತು ಕೊಟ್ಟಿದ್ದೆ. ಅವಳು ಸತ್ತಳು. ಮಾತು ಮುಗೀತು. ನಿನ್ನ ಚಿಕ್ಕಮ್ಮ ಮಿಲ್ಕಾ ಹೇಗೆ ಹೋದಳು ಅಂತ ಗೊತ್ತಾ ನಿನಗೆ?”

“ಅಲ್ಲೇ… ಯುದ್ಧದಲ್ಲಿ. ಎಲ್ಲರ ಹಾಗೆ.”

“ಎಲ್ಲರ ಹಾಗಲ್ಲ. ಮಿಸೆಸ್ ಆಗ್ಡನ್ ಸಹಿ ಹಾಕ್ತೀನಿ ಅಂದಿದ್ದಳು. ಮಾರನೇ ದಿನ ಕಾಗದ ತಗೊಂಡು ಹೋದರೆ ಬಾಗಿಲು ಇಷ್ಟೇ ತೆಗೆದು ಅಳ್ತಾ ನಿಂತಳು. ‘ಹಾರ್ಟ್ಲಿ ಅಮ್ಮಾವ್ರು ಬಂದಿದ್ರು, ಒಬ್ಬಳನ್ನ ಕರೆಸಿದರೆ ಹಿಂದೇನೇ ಇಡೀ ಬಳಗ ಬರುತ್ತಂತೆ, ಆ ಹುಡುಗಿಗೆ ತಂಗೀನೇ ಇಲ್ವಂತೆ, ಬರೀ ಸುಳ್ಳುಬುರುಕಿಯಂತೆ. ಅವರ ಗಿರಣೀಲೇ ನನ್ನ ಮಗಳು ಕೆಲಸಕ್ಕಿರೋದು, ನಾನೇನು ಮಾಡ್ಲಿ?’ ಅಂದಳು. ಮೂರು ವಾರ ಆ ಹೆಂಗಸು ನಿದ್ದೆ ಮಾಡಲಿಲ್ಲ. ಆಮೇಲೆ ತಾನೇ ನಡ್ಕೊಂಡು ಬಂದು ಸಹಿ ಹಾಕಿದಳು. ಅಷ್ಟರಲ್ಲಿ ಆಗಸ್ಟ್ ಎರಡರ ರೈಲು ತುಂಬಿಹೋಗಿತ್ತು. ಆ ರೈಲು ಬಂತು, ಡೀನಾ. ಅದರಲ್ಲಿ ಬಂದ ಮಕ್ಕಳು ಬದುಕಿದ್ರು. ಮಿಲ್ಕಾಗೆ ಸೆಪ್ಟೆಂಬರ್ ಒಂದರ ರೈಲಲ್ಲಿ ಜಾಗ ಸಿಕ್ತು. ಅವತ್ತೇ ಯುದ್ಧ ಶುರುವಾಯ್ತು. ಅದು ಹೊರಡಲೇ ಇಲ್ಲ.”

ಯಾರೋ ಕೆಮ್ಮಿದರು. ರಬ್ಬಿ ಪುಸ್ತಕದ ಹಾಳೆ ತಿರುವಲು ಹೋದವನು ಕೈ ಹಿಂದೆಗೆದ.

“ಇದು ಇಲ್ಲಿ ಆಡೋ ಮಾತಲ್ಲ,” ಎಂದರು ಶಾಲೆಯ ಮುಖ್ಯೋಪಾಧ್ಯಾಯಿನಿ ಮೆಲ್ಲಗೆ.

“ಮತ್ತೆಲ್ಲಿ ಆಡ್ಲಿ? ಪುರಸಭೆಯಲ್ಲಾ?”

ಡೀನಾ ಕ್ಲಿಫರ್ಡನತ್ತ ತಿರುಗಿದಳು. “ಸುಳ್ಳು ಅನ್ನಿ, ಮಾಮ.”

ಕ್ಲಿಫರ್ಡ್ ಹಾಳೆಯನ್ನು ಮಡಿಸುತ್ತಿದ್ದ. ಎರಡಾಗಿ, ನಾಲ್ಕಾಗಿ, ಎಂಟಾಗಿ.

“ಮಳೆ ಬರ್ತಿತ್ತು,” ಎಂದ ಕೊನೆಗೆ. ಸಭೆಯ ದನಿ ಹೋಗಿತ್ತು. “ಆಗ್ಡನ್ ಮನೆವರೆಗೂ ನಾನೇ ಕೊಡೆ ಹಿಡ್ಕೊಂಡು ಹೋಗಿದ್ದೆ.”

*

ಒಮ್ಮೆ, ಡೀನಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಭಾನುವಾರ ಹಾರ್ಟ್ಲಿ ಮನೆಗೆ ಹೊರಟಿದ್ದ ಎರ್ನಾಳನ್ನು ಥೀಯಾ ಬಾಗಿಲಲ್ಲೇ ತಡೆದಿದ್ದಳು. ಎರ್ನಾ ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು.

“ನಾಚಿಕೆ ಆಗಲ್ವಾ ನಿನಗೆ? ಆ ರಾಕ್ಷಸಿಗೆ ಕೇಕು ಹೊತ್ಕೊಂಡು ಹೋಗ್ತೀಯಲ್ಲ!”

“ಕೇಕು ಅವಳು ಮುಟ್ಟಲ್ಲ,” ಎಂದಳು ಎರ್ನಾ.

“ಮತ್ಯಾಕೆ ಹೋಗ್ತೀಯಾ?”

“ಎದುರಿಗೆ ಕೂರ್ತೀನಿ. ಏನೂ ಕೇಳಲ್ಲ. ಹವಾ ಹೇಗಿದೆ, ಮಂಡಿ ನೋವು ಹೇಗಿದೆ, ಅಷ್ಟೇ. ನಾನಿರೋ ಅಷ್ಟು ಹೊತ್ತೂ ಅವಳಿಗೆ ಟೀ ಗಂಟಲಲ್ಲಿ ಇಳಿಯಲ್ಲ ಥೀಯಾ. ಬಟ್ಟಲು ಕೈಯಲ್ಲಿ ಲಟಲಟ ಅನ್ನುತ್ತೆ. ಅವಳಾಗೇ ಒಂದು ಮಾತು ಆಡಲಿ ಅಂತ ಕಾಯ್ತೀನಿ. ಆಡಲ್ಲ. ಮತ್ತೆ ಮುಂದಿನ ವಾರ ಹೋಗ್ತೀನಿ.”

ಕನ್ನಡಿಯಲ್ಲಿ ಟೋಪಿ ಸರಿಮಾಡಿಕೊಂಡು ಅವಳು ಹೊರಟುಹೋದಳು. ಮಿಸೆಸ್ ಹಾರ್ಟ್ಲಿ ತೊಂಬತ್ತೊಂದು ವರ್ಷ ಬದುಕಿದಳು.

*

ಪೆಟ್ಟಿಗೆ ಕುಣಿಗಿಳಿಯಿತು. ಜೇಡಿಮಣ್ಣು ಹಲಗೆಯ ಮೇಲೆ ದಪ್ಪನೆ ಬೀಳುತ್ತಿತ್ತು. ಪದ್ಧತಿಯಂತೆ ಡೀನಾ ಮೂರು ಸಲ ಹಾಕಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಸಲಿಕೆಯನ್ನು ಯಾರಿಗೂ ಬಿಟ್ಟುಕೊಡದೆ, ಸೀಳಿದ ಕಾಲರು ಹಾರಾಡುತ್ತಿದ್ದಂತೆ, ಹಲ್ಲು ಕಚ್ಚಿಕೊಂಡು ಮಣ್ಣೆಳೆದಳು. ಥೀಯಾ ಹತ್ತಿರ ಹೋದಾಗ, ತಲೆ ಎತ್ತದೆಯೇ ಕೇಳಿದಳು:

“ಚೀಟೀಲಿ ಏನು ಬರೆದುಕೊಟ್ಟಿದ್ದಿರಿ?”

“‘ನನಗೆ ಒಬ್ಬಳು ತಂಗಿ ಇದ್ದಾಳೆ. ಅವಳು ಒಳ್ಳೆಯವಳು. ಸ್ವಲ್ಪವೇ ತಿನ್ನುತ್ತಾಳೆ. ದಯವಿಟ್ಟು.’”

“ನಲವತ್ತೆರಡು ವರ್ಷ ಆ ಮನುಷ್ಯನ್ನ ಮಾಮ ಅಂದೆ, ಆಂಟಿ. ನೀವು ಕೇಳಿಸ್ಕೊಂಡು ಕೂತಿದ್ರಿ.”

ಡೀನಾ ಸಲಿಕೆಯನ್ನು ಮಣ್ಣಿಗೆ ಚುಚ್ಚಿ ಆಚೆ ಸರಿದಳು.

ಕುಣಿ ಮುಚ್ಚಿ, ಪ್ರಾರ್ಥನೆ ಮುಗಿದ ಮೇಲೆ, ಬಂದವರು ವಾಡಿಕೆಯಂತೆ ಎರಡು ಸಾಲಾಗಿ ನಿಂತರು. ನಡುವಿನ ದಾರಿಯಲ್ಲಿ ಸತ್ತವರ ಮನೆಯವರು ನಡೆದು ಬರಬೇಕು. ಇಕ್ಕೆಲದವರು ಸಾಂತ್ವನ ಹೇಳಬೇಕು. ಕ್ಲಿಫರ್ಡ್ ಗೇಟಿನತ್ತ ಹೊರಟಿದ್ದವನು, ಏನನ್ನಿಸಿತೋ, ಹಿಂದಿರುಗಿ ಸಾಲಿನ ತುದಿಯಲ್ಲಿ ಬಂದು ನಿಂತ.

ಡೀನಾ ಒಬ್ಬಳೇ ನಡೆದು ಬಂದಳು. ರಬ್ಬಿ ಹೀಬ್ರೂವಿನಲ್ಲಿ ಹೇಳಿದ. ಶಾಲೆಯವರು ಇಂಗ್ಲಿಷಿನಲ್ಲಿ ಹೇಳಿದರು. ಥೀಯಾ ಅವಳ ತೋಳು ಮುಟ್ಟಿದಳು. ಡೀನಾ ಒಂದು ಕ್ಷಣವೂ ನಿಲ್ಲದೆ ಮುಂದೆ ಹೋದಳು.

ಕ್ಲಿಫರ್ಡನ ಎದುರಿಗೆ ನಿಂತಳು.

ಅವನು ತಲೆಯ ಹ್ಯಾಟು ತೆಗೆದು ಎದೆಗೊತ್ತಿಕೊಂಡ. ಡೀನಾ ಅವನ ಮುಖವನ್ನೇ ನೋಡುತ್ತಾ, ಕೆಸರು ಮೆತ್ತಿದ ಕೈಗಳನ್ನು ಇಳಿಬಿಟ್ಟುಕೊಂಡು ಕಾಯುತ್ತಿದ್ದಳು. ಅವಳ ಹಿಂದೆ ಸಾಲು ಒಡೆಯಿತು. ಜನ ಒಬ್ಬೊಬ್ಬರಾಗಿ ನಲ್ಲಿಯ ಬಳಿ ಕೈ ತೊಳೆದುಕೊಂಡು ಹೊರಟರು. ಗೇಟಿನಾಚೆ ಕಾರುಗಳು ಶುರುವಾದವು. ಕುಣಿ ತೋಡುವವನು ಬಂದು ಹಲಗೆಗಳನ್ನು ಎತ್ತಿಕೊಂಡು ಹೋದ. ಅವರಿಬ್ಬರೂ ಇನ್ನೂ ಅಲ್ಲೇ ನಿಂತಿದ್ದರು. ಕ್ಲಿಫರ್ಡನ ಕೈಯಲ್ಲಿದ್ದ ಹ್ಯಾಟಿನ ಅಂಚು ಸಣ್ಣಗೆ ಅದುರುತ್ತಿತ್ತು.