ಢಾಲಿನ ಪಕ್ಕದ ಖಾಲಿ ಮೊಳೆ

ಖಾನಾಪುರದ ನಮ್ಮ ಓಣಿಯಲ್ಲಿ ಉಳವಪ್ಪನ ಮನೆಗೆ ಹೋದವರಿಗೆ ಚಹಾ ಸಿಗುವ ಮೊದಲು ಒಂದು ಕಥೆ ಸಿಗುತ್ತದೆ. ಗೋಡೆಯ ಮೇಲೆ ಹಿತ್ತಾಳೆಯ ಢಾಲು ತೂಗುತ್ತದಲ್ಲ, ಅದರ ಕಥೆ. ಇಪ್ಪತ್ತು ವರ್ಷಗಳ ಹಿಂದೆ ಎತ್ತಿನ ಗಾಡಿಯ ಶರ್ಯತ್ತಿನಲ್ಲಿ ಎಲ್ಲರಿಗಿಂತ ಮುಂದೆ ಓಡಿಸಿ ಆತ ಗೆದ್ದ ಬಹುಮಾನ ಅದು. ಈಗ ಎತ್ತು ಇಲ್ಲ, ಗಾಡಿ ಇಲ್ಲ. ಉಳವಪ್ಪ ದಿನಾ ಬಸ್ ಹಿಡಿದು ಬೆಳಗಾವಿಗೆ, ಉದ್ಯಮಬಾಗದ ಫೌಂಡ್ರಿ ಕೆಲಸಕ್ಕೆ ಹೋಗುತ್ತಾನೆ. ಆದರೂ ಢಾಲು ಮಾತ್ರ ಫಳಫಳ ಅನ್ನುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕುವವಳು ಹೆಂಡತಿ ಗಂಗಾದೇವಿ, ಹೊಗಳಿಸಿಕೊಳ್ಳುವವನು ಈತ.

ನಾನು ಅವರ ಪಕ್ಕದ ಮನೆಯವಳು, ಮೇಘಾ. ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಕಾಯ್ದೆ ತಿಳಿಸುವ ಕಥೆಗಳ ಕಾಗದ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಈ ಸಲ ಬೇರೆಯವರ ಕಥೆ ಓದುವ ಬದಲು ನಮ್ಮ ಓಣಿಯದನ್ನೇ ಬರೆದಿದ್ದೇನೆ. ಗಂಗಾದೇವಿ ಒಪ್ಪಿಗೆ ಕೊಟ್ಟಿದ್ದಾಳೆ. ಉಳವಪ್ಪನೂ ಕೊಟ್ಟಿದ್ದಾನೆ, ಸ್ವಲ್ಪ ಗೊಣಗಿಕೊಂಡು.

ಒಂದು ಶನಿವಾರ ಮಧ್ಯಾಹ್ನ ಆ ಮನೆಯಿಂದ ಟಕ್ ಟಕ್ ಸದ್ದು ಕೇಳಿತು. ಹೋಗಿ ನೋಡಿದರೆ ಉಳವಪ್ಪ ಢಾಲಿನ ಪಕ್ಕದಲ್ಲಿ ಹೊಸ ಮೊಳೆ ಹೊಡೆಯುತ್ತಿದ್ದ.

"ಇದ್ಯಾಕ್ರೀ ಕಾಕಾ, ಗ್ವಾಡಿಗೆ ಮತ್ತೊಂದು ಮೊಳಿ?" ಅಂದೆ.

"ನಮ್ಮ ಗೌರೀಶನ ಢಾಲಿಗೆ! ನಾಳೆ ನಸುಕಿನ್ಯಾಗ ಹುಡುಗರು ಬೈಕಿನ ಶರ್ಯತ್ತು ಇಟ್ಟಾರ. ಬೆಳಗಾವ್ಯಾಗ ಉದ್ಯಮಬಾಗ ದಾಟಿದ ಮ್ಯಾಲೆ ಶುರು, ನಮ್ಮ ಊರ ಮುಂದಿನ ಬಸ್ ಸ್ಟಾಪಿಗೆ ಮುಗಿತೈತಿ. ಗೆದ್ದವಂಗ ಢಾಲು ಮಾಡಿಸ್ಯಾರ."

ಗೌರೀಶ ಆತನ ಮಗ. ವಯಸ್ಸು ಹದಿನೇಳು, ಪಿಯುಸಿ ಎರಡನೇ ವರ್ಷ. ಮೀಸೆ ಇನ್ನೂ ಮೂಡಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗ. ಲೈಸೆನ್ಸ್ ಇಲ್ಲ. ಬೈಕು ಉಳವಪ್ಪನ ಹೆಸರಿನದು.

ಗಂಗಾದೇವಿ ಅಡುಗೆಮನೆಯಿಂದ ಹೊರಗೆ ಬಂದಳು. ಕೈತುಂಬ ಜೋಳದ ಹಿಟ್ಟು.

"ನಿಮಗ ಬುದ್ಧಿ ಐತೇನ್ರೀ? ಅದು ಬಸ್ಸು ಲಾರಿ ಓಡಾಡೂ ರಸ್ತಾ. ಹುಡುಗ ಬಿದ್ದು ಕೈಕಾಲು ಮುರಕೊಂಡ್ರ?"

"ನಾ ಎಷ್ಟು ಸಲ ಬಿದ್ದೇನಿ! ಹುಲಿ ಹೊಟ್ಟ್ಯಾಗ ನರಿ ಹುಟ್ಟತೈತೇನು?"

"ಹುಲಿಯಂತ ಹುಲಿ. ಮೊನ್ನೆ ಇಲಿ ಬಂದಾಗ ಮಂಚದ ಮ್ಯಾಲೆ ಹತ್ತಿ ನಿಂತಿದ್ರಿ."

ನನಗೆ ನಗು ಬಂತು. ಗಂಗಾದೇವಿಗೆ ಬರಲಿಲ್ಲ. ಅವಳಿಗಿರುವುದು ಒಬ್ಬನೇ ಮಗ. ನನ್ನನ್ನು ಹಿತ್ತಲಿಗೆ ಕರೆದು, ಪಂಢರಿ ಅಣ್ಣನಿಗೆ ಫೋನ್ ಮಾಡು ಅಂದಳು. "ಇವರು ನನ್ನ ಮಾತು ಕೇಳಂಗಿಲ್ಲ, ಅವರ ಮಾತು ಕೇಳ್ತಾರ" ಅಂದಳು.

ಪಂಢರಿನಾಥ ಉಳವಪ್ಪನ ಹಳೆಯ ಗೆಳೆಯ. ಶರ್ಯತ್ತಿನ ಕಾಲದಲ್ಲಿ ಉಳವಪ್ಪ ಗಾಡಿ ಓಡಿಸಿದರೆ, ಹೊರಡುವ ತನಕ ಎತ್ತಿನ ಮೂಗುದಾರ ಹಿಡಿದು ನಿಲ್ಲುತ್ತಿದ್ದವನು ಇವನೇ. ಈಗಲೂ ಮನೆ ಪಕ್ಕದ ಓಣಿಯಲ್ಲೇ, ಕೆಲಸ ಮಾತ್ರ ಬೆಳಗಾವಿಯಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತಿಕೆ. ರಸ್ತೆ ಅಪಘಾತದ ಕೇಸುಗಳ ಕಾಗದ ಜೋಡಿಸಿ ಜೋಡಿಸಿ ಅರ್ಧ ವಕೀಲನೇ ಆಗಿಬಿಟ್ಟಿದ್ದಾನೆ.

ಸಂಜೆ ಬಂದವನು ಕುಳಿತು ಚಹಾ ಕುಡಿದ. ಹೊಸ ಮೊಳೆಯ ಕಡೆ ನೋಡಿದ. ಬೈಯಲಿಲ್ಲ.

"ಉಳವ್ಯಾ, ಢಾಲಿನ ಕಥಿ ಎಲ್ಲಾರಿಗೂ ಹೇಳ್ತಿ. ಅದರ ಮುಂದಿನ ವರ್ಷದ್ದು ಹೇಳಂಗಿಲ್ಲಲ್ಲೋ?"

ಉಳವಪ್ಪನ ಮುಖ ಸಣ್ಣದಾಯಿತು. "ಅದ್ಯಾಕ ಈಗ? ಸೋತಿದ್ದು ಯಾರು ಹೇಳ್ತಾರ?"

"ಹಂಗಾದ್ರ ನಾ ಹೇಳ್ತೇನಿ. ವೈನಿ, ನೀವೂ ಬರ್ರಿ. ಗೌರೀಶ, ಒಳಗ ಕುಂತು ಕಿವಿ ಕೊಟ್ಟೀಯಲ್ಲ, ಅಲ್ಲೇ ಕುಂತು ಕೇಳು."

ಒಳಗಿನ ಕೋಣೆಯಲ್ಲಿ ಏನೋ ಸರಿದಾಡಿದ ಸದ್ದಾಯಿತು.

"ಭತ್ತ ಕೊಯ್ದ ಗದ್ದಿ. ಎರಡೂ ಬಾಜು ಹಗ್ಗ ಕಟ್ಟಿದ್ರು. ಮಂದಿ ಎಲ್ಲಾ ಹಗ್ಗದ ಆಚಿಗೆ. ಪರವಾನಿಗಿ ಇತ್ತು, ದನದ ಡಾಕ್ಟರ್ ಇದ್ರು. ಇವನ ಗಾಡಿನೇ ಮುಂದ ಇತ್ತು. ಅಷ್ಟರಾಗ ಒಬ್ಬಾಕಿ ತನ್ನ ಎಮ್ಮಿ ಕರಾ ಹಿಡ್ಯಾಕ ಹೋಗಿ ಹಗ್ಗದ ಕೆಳಗ ನುಸುಳಿ ನಡು ಗದ್ದಿಗೆ ಬಂದ್ಲು. ಇವ ಹಗ್ಗ ಜಗ್ಗಿದ. ಎತ್ತೂ ಆಕಿನ್ನ ನೋಡಿದ್ವು, ತಾವೇ ಹೊಳ್ಳಿದ್ವು. ಗಾಡಿ ಬದುವಿಗೆ ಬಡದು ಗಾಲಿ ಕಳಚಿ ಬಿತ್ತು. ಢಾಲು ಹೋತು. ಆಕಿಗೆ ಒಂದು ಗೀರು ಸುದ್ದಾ ಬೀಳಲಿಲ್ಲ. ಯಾರಾಕಿ, ಹೇಳು ಉಳವ್ಯಾ."

"ಸತ್ಯವ್ವ" ಅಂದ ಉಳವಪ್ಪ, ನೆಲ ನೋಡುತ್ತ.

ಸತ್ಯವ್ವ ಅಂದರೆ ನಮ್ಮ ಓಣಿಯ ಕೊನೆಯ ಮನೆಯ ಮುದುಕಿ. ಒಂದು ಎಮ್ಮೆ ಕಟ್ಟಿದ್ದಾಳೆ, ಮೊಸರು ಮಾರುತ್ತಾಳೆ. ನಮ್ಮ ಮನೆಗಳ ಮಜ್ಜಿಗೆಯೆಲ್ಲ ಅವಳ ಗಡಿಗೆಯದೇ.

"ಸತ್ಯವ್ವ ಇವತ್ತಿಗೂ ಮೊಸರು ಮಾರ್ತಾಳಂದ್ರ ಅದು ನೀ ಸೋತಿದ್ದಕ್ಕ, ದೋಸ್ತ. ನಾಳೆ ನಸುಕಿನ್ಯಾಗ ಆಕಿ ಗಡಗಿ ಹೊತ್ತು ಅದೇ ಸ್ಟಾಪಿನ ಮುಂದ ರಸ್ತಾ ದಾಟ್ತಾಳ. ಎತ್ತಿಗೆ ಕಣ್ಣಿದ್ವು. ಬೈಕಿಗೆ ಲೈಟ್ ಐತಿ, ಕಣ್ಣಿಲ್ಲ. ಅಲ್ಲೆ ಹಗ್ಗ ಯಾರು ಕಟ್ಟ್ಯಾರ, ಹೇಳು?"

ಆದರೆ ಉಳವಪ್ಪನದು ಹಟ ಅಷ್ಟು ಬೇಗ ಬಿಡುವ ಜಾತಿಯಲ್ಲ.

"ಹುಡುಗ ನಿಧಾನ ಹೊಡೀತಾನ ಬಿಡು. ಪೊಲೀಸರು ಹಿಡದ್ರ ಏನಾಗತೈತಿ? ಐನೂರು ರೂಪಾಯಿ ದಂಡದ ಪಾವತಿ ಹರಿಸಿ ಬಂದ್ರ ಆತು."

"ಶರ್ಯತ್ತಿನ್ಯಾಗ ನಿಧಾನ ಹೊಡಿಯಾವ ಯಾವ ಶಾಣ್ಯಾ?" ಪಂಢರಿನಾಥ ಕಪ್ಪು ಕೆಳಗಿಟ್ಟ. "ಮತ್ತ ಐನೂರರ ಕಾಲ ಹೋತು. ಸರ್ಕಾರದ ಲಿಖಿತ ಒಪ್ಪಿಗಿ ಇಲ್ಲದ ರಸ್ತಾದಾಗ ಶರ್ಯತ್ತು ಓಡಿಸಿದ್ರ, ಮೊದಲನೇ ಸಲಕ್ಕ ಮೂರು ತಿಂಗಳ ತನಕ ಜೈಲು, ಇಲ್ಲಂದ್ರ ಐದು ಸಾವಿರದ ತನಕ ದಂಡ, ಇಲ್ಲಂದ್ರ ಎರಡೂ. ಮತ್ತ ಸಿಕ್ಕಿಬಿದ್ರ ಒಂದು ವರ್ಷದ ತನಕ ಜೈಲು, ಇಲ್ಲಂದ್ರ ಹತ್ತು ಸಾವಿರದ ತನಕ ದಂಡ. ಕೋರ್ಟು ಬೇಕಾದ್ರ ಎರಡನ್ನೂ ಹಾಕತೈತಿ. ಮೋಟಾರು ವಾಹನ ಕಾಯ್ದೇದ ನೂರಾ ಎಂಬತ್ತೊಂಬತ್ತನೇ ಕಲಂ. ಇದು ದೊಡ್ಡವರ ಲೆಕ್ಕ."

"ನಮ್ಮವ ಸಣ್ಣಾವ. ಅವನ್ನ ಜೈಲಿಗೆ ಹಾಕಂಗಿಲ್ಲಲ್ಲ!" ಉಳವಪ್ಪನಿಗೆ ಜೀವ ಬಂತು.

"ಅವನ್ನಲ್ಲೋ ಮಾರಾಯಾ. ನಿನ್ನ."

ಗಂಗಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಹದಿನೆಂಟು ತುಂಬದ ಹುಡುಗ ಗಾಡಿ ಓಡಿಸಿ ಇಂಥಾ ತಪ್ಪು ಮಾಡಿದ್ರ, ಕಾಯ್ದೆ ಹಿಡಿಯೂದು ತಂದಿ-ತಾಯೀನ್ನ ಇಲ್ಲಾ ಗಾಡಿ ಮಾಲಕನ್ನ. ಮೂರು ವರ್ಷದ ತನಕ ಜೈಲು, ಮ್ಯಾಲೆ ಇಪ್ಪತ್ತೈದು ಸಾವಿರ ದಂಡ. ಗಾಡಿ ನೋಂದಣಿ ಒಂದು ವರ್ಷ ರದ್ದು. 'ನನಗ ಗೊತ್ತೇ ಇರಲಿಲ್ಲ, ಇಲ್ಲಾ ನನ್ನ ಕೈಲಾದಷ್ಟು ತಡದೆ' ಅಂತ ಸಾಬೀತು ಮಾಡಿದವ್ರು ಪಾರಾಗಬಹುದು. ನೀ ಏನು ಹೇಳ್ತಿ ಸಾಹೇಬರಿಗೆ? ಕೀಲಿ ನಾನೇ ಕೊಟ್ಟೆ, ಢಾಲಿಗೆ ಮೊಳಿನೂ ಹೊಡದೆ ಅಂತೀಯೇನು?"

ಉಳವಪ್ಪ ಮೊಳೆಯ ಕಡೆ ನೋಡಿದ. ಆಮೇಲೆ ಕಾಲ ಹತ್ತಿರ ಇನ್ನೂ ಬಿದ್ದಿದ್ದ ಸುತ್ತಿಗೆಯನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದ.

"ಇನ್ನೊಂದು ಕೇಳು. ಯಾರಿಗರೆ ಬಡದ್ರ ವಿಮಾ ಕಂಪನಿ ಶರ್ಯತ್ತಿನ ಗಾಡಿ ಅಂತ ಕೈ ಎತ್ತಬಹುದು. ಪರಿಹಾರ ನಿನ್ನ ಕುತ್ತಿಗಿಗೆ. ಮತ್ತ ಗೌರೀಶಗ ಇಪ್ಪತ್ತೈದು ತುಂಬೂ ತನಕ ಲೈಸೆನ್ಸ್ ಸಿಗಂಗಿಲ್ಲ. ಗೆಳ್ಯಾರೆಲ್ಲಾ ಗಾಡಿ ಮ್ಯಾಲೆ, ಇವ ಎಂಟು ವರ್ಷ ಹಿಂದಿನ ಸೀಟಿನ್ಯಾಗ."

ಉಳವಪ್ಪ ಒಳಗಿನ ಕೋಣೆಯ ಕಡೆ ತಿರುಗಿದ.

"ಗೌರ್ಯಾ, ನಾಳೆ ಎಲ್ಲೂ ಹೋಗೂದಿಲ್ಲ ನೀ" ಎಂದು ಉಳವಪ್ಪ ಅಲ್ಲಿಂದಲೇ ಕೂಗಿದ. ಒಳಗಿನಿಂದ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಪಂಢರಿನಾಥ ಹೊರಟಾಗ ಗಂಗಾದೇವಿ ಬಾಗಿಲ ತನಕ ಬಂದಳು. "ಅಣ್ಣಾ, ನಮ್ಮವ ಉಳದ. ಉಳಿದ ಹುಡುಗರು? ದುಂಡಪ್ಪನ ಮಗ ಕಲ್ಮೇಶನೂ ಹೊಂಟಾನಂತ. ಮತ್ತ ಸತ್ಯವ್ವ?"

"112ಕ್ಕ ಫೋನ್ ಮಾಡ್ರಿ ವೈನಿ. ಎಲ್ಲಿ, ಎಷ್ಟು ಹೊತ್ತಿಗೆ, ಅಷ್ಟು ಹೇಳಿದ್ರ ಸಾಕು."

ಗಂಗಾದೇವಿ ಮಾಡಿದಳು. ಕೈ ನಡುಗುತ್ತಿತ್ತು, ನಾನು ಪಕ್ಕದಲ್ಲಿ ನಿಂತಿದ್ದೆ.

ಮರುದಿನ ಬೆಳಗಾಗುತ್ತಲೇ ಅವಳ ಕೂಗು ಕೇಳಿ ಎದ್ದೆ. ಓಡಿಹೋಗಿ ನೋಡಿದರೆ ಅಂಗಳದಲ್ಲಿ ಬೈಕಿಲ್ಲ. ಹಾಸಿಗೆಯಲ್ಲಿ ಗೌರೀಶ ಇಲ್ಲ. ಅವನ ಫೋನು ಬಂದ್. ಉಳವಪ್ಪ ಬನಿಯನ್ನಿನ ಮೇಲೇ ಪಂಢರಿನಾಥನ ಸ್ಕೂಟರ್ ಹತ್ತಿ ಬೆಳಗಾವಿ ರಸ್ತೆಗೆ ಹೊರಟಿದ್ದ.

ಗಂಗಾದೇವಿ ಹೊಸ್ತಿಲ ಮೇಲೆ ಕುಸಿದು ಕುಳಿತಿದ್ದಳು. "ಮೇಘಾ, ನನ್ನ ಮಗನ್ನ ನಾನೇ ಹಿಡಿದು ಕೊಟ್ಟೆನಲ್ಲೇ!"

ಅವಳ ಕೈ ಹಿಡಿದು ಕುಳಿತೆ.

ಅರ್ಧ ತಾಸಿಗೆ ಉಳವಪ್ಪನ ಫೋನ್ ಬಂತು. "ಶರ್ಯತ್ತು ಶುರು ಆಗೂತ್ಲೇ ಪೊಲೀಸರು ಹುಡುಗರನ್ನ ನಿಲ್ಲಿಸ್ಯಾರ. ಆರು ಗಾಡಿ ಹಿಡದಾರ. ನಮ್ಮ ಗಾಡಿ ಇಲ್ಲ. ಗೌರ್ಯಾನೂ ಇಲ್ಲ." ಆಮೇಲೆ ಗಂಡಸಿನ ದನಿ ಒಡೆಯಿತು. "ಇಲ್ಲೂ ಇಲ್ಲಂದ್ರ ಎಲ್ಲಿ ಹೋದ್ನೇ? ದಾರ್‍ಯಾಗ ಎಲ್ಲಿ ಬಿದ್ದಾನೋ, ಗಟಾರ ಗಟಾರ ನೋಡ್ಕೋತ ಬರಾಕತ್ತೇನಿ."

ಗಂಗಾದೇವಿ ಅಳಲಿಲ್ಲ. ಅಳುವುದೂ ಮರೆತುಹೋಗಿತ್ತು ಅವಳಿಗೆ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಸತ್ಯವ್ವ ಕಾಣಿಸಿದಳು. ಕೈ ಬೀಸಿಕೊಂಡು ಬರುತ್ತಿದ್ದಳು, ತಲೆಯ ಮೇಲೆ ಗಡಿಗೆ ಇರಲಿಲ್ಲ. ಅವಳ ಹಿಂದೆ ಖಾಲಿ ಗಡಿಗೆ ಹೊತ್ತುಕೊಂಡು ಒಬ್ಬ ಹುಡುಗ. ಅವನ ಅಂಗಿಯ ತುಂಬ ಮೊಸರಿನ ಕಲೆ.

ಗೌರೀಶ!

ಗಂಗಾದೇವಿ ಓಡಿಹೋಗಿ ಮೊದಲು ಬೆನ್ನಿಗೆ ಎರಡು ಬಾರಿಸಿದಳು. ಆಮೇಲೆ ತಬ್ಬಿಕೊಂಡು ಜೋರಾಗಿ ಅತ್ತಳು. ಗಡಿಗೆ ಬಿದ್ದು ಚೂರಾಯಿತು. "ಏ, ನನ್ನ ಗಡಗಿ!" ಅಂದಳು ಸತ್ಯವ್ವ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಎಲ್ಲಿ ಹಾಳಾಗಿ ಹೋಗಿದ್ದಿ? ಗಾಡಿ ಎಲ್ಲಿ?"

"ಸತ್ಯವ್ವಾಯಿ ಎಮ್ಮಿ ಕೊಟಗ್ಯಾಗ ಐತಿ, ಯವ್ವಾ. ನಸುಕಿನ್ಯಾಗ ಚಾಲೂ ಮಾಡದ ತಳ್ಕೋತ ಒಯ್ದೆ. ಕಲ್ಮೇಶ ಕರ್‍ಯಾಕ ಬರಾಂವ ಇದ್ದ. ಗಾಡಿ ಅಂಗಳದಾಗ ಕಂಡಿದ್ರ ಬ್ಯಾಡ ಅನ್ನಾಕ ನನಗ ಬಾಯಿ ಬರ್ತಿರಲಿಲ್ಲ. ಅಂಜಬುರಕ ಅಂತಿದ್ರು. ಗಾಡಿನೇ ಇಲ್ಲಂದ್ರ ಮುಗೀತಲ್ಲ? ಅದಕ್ಕ ಫೋನೂ ಬಂದ್ ಮಾಡಿದೆ."

"ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀ ಕಲ್ಮೇಶಗ ಹೇಳ್ತಿದ್ದಿ, ನಮ್ಮವ ಆಯಿ ಕೊಟಗ್ಯಾಗ ಅದಾನಂತ" ಅಂದ ಗೌರೀಶ. ಅದು ಖರೇ. ಗಂಗಾದೇವಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಹೆಂಗೂ ಬಂದಿದ್ದೆ, ಆಯಿ ರಸ್ತಾ ದಾಟೂ ಮುಂದ ಗಡಗಿ ಹಿಡದೆ" ಎಂದೂ ಸೇರಿಸಿದ, ಯಾರ ಮುಖವನ್ನೂ ನೋಡದೆ.

ಫೋನ್ ಮಾಡಿ ತಿಳಿಸಿದೆವು. ಉಳವಪ್ಪ ಬಂದವನು ಮನೆಗೆ ಬರದೆ ನೇರವಾಗಿ ಸತ್ಯವ್ವನ ಕೊಟ್ಟಿಗೆಗೆ ಹೋದ. ಎಮ್ಮೆಯ ಪಕ್ಕದ ಗೂಟಕ್ಕೆ ಬೈಕನ್ನು ಹಗ್ಗದಿಂದ ಬಿಗಿದು ಕಟ್ಟಿತ್ತು. ಹಗ್ಗ ಯಾವುದು? ಶರ್ಯತ್ತಿನ ಎತ್ತುಗಳದು, ಇಷ್ಟು ವರ್ಷ ಅಟ್ಟದ ಮೇಲಿದ್ದದ್ದು. ಗಂಟು ಕೂಡ ಉಳವಪ್ಪ ಮಗನಿಗೆ ಸಣ್ಣವನಿದ್ದಾಗ ಕಲಿಸಿದ್ದೇ. ಎಮ್ಮೆ ಬೈಕಿನ ಸೀಟು ನೆಕ್ಕುತ್ತ ಆರಾಮಾಗಿ ನಿಂತಿತ್ತು. ಉಳವಪ್ಪ ನಕ್ಕನೋ ಅತ್ತನೋ ನನಗೆ ತಿಳಿಯಲಿಲ್ಲ, ಎರಡೂ ಕೂಡಿಯೇ ಬಂದಂತಿತ್ತು.

ಸಿಕ್ಕಿಬಿದ್ದ ಹುಡುಗರ ಕೇಸು ಈಗ ಕೋರ್ಟಿನಲ್ಲಿದೆ. ಕಲ್ಮೇಶನಿಗೆ ಹತ್ತೊಂಬತ್ತು ತುಂಬಿದ್ದರಿಂದ ಅವನ ಮೇಲೇ ಕೇಸಾಗಿದೆ. ಹದಿನಾರು ವರ್ಷದ ಇನ್ನೊಬ್ಬ ಹುಡುಗನಿಗೆ ಬೈಕು ಕೊಟ್ಟ ಮಾವ ತಾನೇ ಕಟಕಟೆ ಹತ್ತಬೇಕಾಗಿದೆ. ಫೋನ್ ಮಾಡಿದ್ದು ತಾನೇ ಎಂದು ಗಂಗಾದೇವಿ ದುಂಡಪ್ಪನ ಮನೆಗೆ ಹೋಗಿ ಹೇಳಿದಳು. ಬೈಗುಳ ತಿನ್ನಲು ಸಿದ್ಧಳಾಗಿಯೇ ಹೋಗಿದ್ದಳು. ದುಂಡಪ್ಪ, "ಕೋರ್ಟಿಗೆ ಅಡ್ಡಾಡ್ತೇನಿ ಬಿಡವ್ವಾ. ದವಾಖಾನಿಗೆ ಅಡ್ಡಾಡೂದು ತಪ್ತು. ಮಗನ ಮಾರಿ ದಿನಾ ಕಾಣ್ತೈತಿ" ಅಂದನಂತೆ.

ಆ ಹೊಸ ಮೊಳೆ ಖಾಲಿ ಉಳಿಯಲಿಲ್ಲ. ಉಳವಪ್ಪ ಅದಕ್ಕೆ ಆ ಹಳೆಯ ಹಗ್ಗವನ್ನೇ ನೇತುಹಾಕಿದ್ದಾನೆ. ಈಗ ಅವನ ಮನೆಗೆ ಚಹಾಕ್ಕೆ ಹೋದವರಿಗೆ ಗೆದ್ದ ವರ್ಷದ ಕಥೆ ಸಿಗುವುದಿಲ್ಲ, ಸೋತ ವರ್ಷದ್ದು ಸಿಗುತ್ತದೆ. ಸತ್ಯವ್ವ ಅಲ್ಲಿದ್ದರೆ, "ಅದು ನಾನೇ, ಅದು ನಾನೇ" ಎಂದು ನಡುವೆ ಬಾಯಿ ಹಾಕುತ್ತಾಳೆ. ಹೊಸ ಗಡಿಗೆಯನ್ನೂ ಉಳವಪ್ಪನಿಂದಲೇ ವಸೂಲು ಮಾಡಿದಳು.

ಇದನ್ನು ಕೇಳುತ್ತ ಕುಳಿತ ಅಕ್ಕ-ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯ ಗಾಡಿಯ ಕೀಲಿ ಈಗ ಯಾರ ಕಿಸೆಯಲ್ಲಿದೆ? ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ. ಹದಿನೆಂಟು ತುಂಬದ, ಲೈಸೆನ್ಸ್ ಇಲ್ಲದ ಮಕ್ಕಳ ಕೈಗೆ ಅದನ್ನು ಕೊಡಬೇಡಿ. ಅವರು ಮಾಡಿದ ತಪ್ಪಿಗೆ ಕಾಯ್ದೆ ನಿಮ್ಮ ಬಾಗಿಲು ಬಡಿಯುತ್ತದೆ. ದೊಡ್ಡ ಮಕ್ಕಳಿಗೂ ಹೇಳಿ, ರಸ್ತೆ ಶರ್ಯತ್ತಿನ ಗದ್ದೆಯಲ್ಲ, ಅಲ್ಲಿ ಯಾರೂ ಹಗ್ಗ ಕಟ್ಟಿರುವುದಿಲ್ಲ. ಎಲ್ಲಾದರೂ ಬೈಕಿನ ಶರ್ಯತ್ತು ನಡೆಯಲಿದೆ ಎಂದು ಕಿವಿಗೆ ಬಿದ್ದರೆ, ನಮಗ್ಯಾಕೆ ಎನ್ನದೆ 112ಕ್ಕೆ ಫೋನ್ ಮಾಡಿ. ಗಂಗಾದೇವಿಯ ಕೈ ನಡುಗಿತ್ತು, ನಿಮ್ಮದೂ ನಡುಗಲಿ, ಆದರೂ ಮಾಡಿ. ಮರುದಿನ ಬೆಳಗ್ಗೆ ನಿಮ್ಮ ಓಣಿಯ ಸತ್ಯವ್ವ ಮೊಸರು ಹೊತ್ತು ಬಂದು ಬಾಗಿಲಲ್ಲಿ ಕೂಗುತ್ತಾಳಲ್ಲ, ಆ ಕೂಗು ಕೇಳಿ ನೆಮ್ಮದಿಯಿಂದ ಚೊಂಬು ಹಿಡಿದು ಹೊರಗೆ ಬನ್ನಿ.